ಹನ್ನೆರಡರ ಹತ್ತಿರ

ಮಂಡಿ ಮೊಹಲ್ಲಾದ ಗುಜರಿಯಲ್ಲಿ
ಮುನವ್ವರ್ ಸಾಬರು ಅದನ್ನು ತಕ್ಕಡಿಗೆ ಹಾಕಲಿಲ್ಲ.
"ಇದು ಕೆಜಿ ಲೆಕ್ಕದ ಮಾಲಲ್ಲ ಕಣಮ್ಮ,
ಇನ್ನೂರೈವತ್ತು ಕೊಡು. ಹೋಗ್ಲಿ, ಇನ್ನೂರು"
ಅಂದರು, ಸ್ಟೌವಿನ ಬರ್ನರು ಸೈಕಲ್ ಪೆಡಲುಗಳ ನಡುವಿಂದ ಎತ್ತಿ,
ಲುಂಗಿಯ ತುದಿಯಲ್ಲಿ ಒಮ್ಮೆ ಒರೆಸಿ.

ಮೈಕ್ರೋಮೀಟರು. ಸೊನ್ನೆಯಿಂದ ಇಪ್ಪತ್ತೈದು.
ಲಾಳದಂಥ ಮೈ, ಎಣ್ಣೆ ಕುಡಿದು ಕಪ್ಪಾದದ್ದು.
ಹಿಂಬದಿಯ ಗುಬಟು ಮಾತ್ರ ಇಲ್ಲ:
ಟಿಕ್ ಟಿಕ್ ಅಂದು "ಸಾಕು, ನಿಲ್ಲು" ಅನ್ನುವ
ಆ ರ‍್ಯಾಚೆಟ್ಟು.
ಅದಿಲ್ಲದಿದ್ದರೆ ಅಳತೆಯೂ ಕೈಯ ಗುಣದ್ದು.
ಸಿಟ್ಟಿದ್ದಾಗ ಒಂದು, ಉಂಡ ಮೇಲೆ ಇನ್ನೊಂದು.

ಮಂಚೇಗೌಡನ ಕೊಪ್ಪಲಿನ ಮನೆಯಲ್ಲಿ ರಾತ್ರಿ
ಡಬ್ಬಿಯ ಸ್ಕ್ರೂಗಳನ್ನೆಲ್ಲ ಸುರಿದು ಕೂರಿಸಿ ನೋಡಿದೆ.
ಎರಡು ಸುತ್ತು ಹೋಗಿ ಮುನಿಸಿಕೊಳ್ಳುತ್ತವೆ.
ಯಾವ ದೇಶದ ಎಳೆಯೋ, ಯಾರ ಹಟವೋ.
ಕೊನೆಗೆ ಅತ್ತೆಯ ಹೊಲಿಗೆ ಮಷೀನಿನಲ್ಲಿ
ಸೂಜಿ ಹಿಡಿಯುವ ಸ್ಕ್ರೂ ಬಿಚ್ಚಿ ಕೊಟ್ಟರೆ
ತವರಿಗೆ ಬಂದ ಹಾಗೆ ಸರಸರ ಒಳಗೆ ಹೋಯಿತು.
ಅತ್ತೆಗೆ ಇನ್ನೂ ಹೇಳಿಲ್ಲ.

ಭಾನುವಾರ ಮೇಟಗಳ್ಳಿಯ ಶೆಡ್ಡಿನಲ್ಲಿ ಲೇತು ಖಾಲಿ.
ಲೂಕಾಸಣ್ಣ ಬೀಗದ ಕೈ ಕೊಟ್ಟು ಚರ್ಚಿಗೆ ಹೊರಟವನು
"ಹನ್ನೊಂದಕ್ಕೆ ಕರೆಂಟು ತೆಗೀತಾರೆ, ನೋಡ್ಕೊ" ಅಂದ.
ಮುರಿದ ರೀಮರಿನ ಹಿಡಿಯನ್ನು ಚಕ್ಕಿನ ಬಾಯಿಗೆ ಕೊಟ್ಟೆ.
ಮೊದಲು ನೀಲಿ ಸುರುಳಿ, ಆಮೇಲೆ ಬೂದು ಬಣ್ಣದ
ಕೂದಲೆಳೆ.
ನಡುವೆ ಒಬ್ಬಳೇ ನಕ್ಕೆ:
ಅಳೆಯುವುದರ ಅಂಗ ಮಾಡಲು
ಅಳೆಯುವುದು ಬೇಕಲ್ಲ!
ಲೂಕಾಸಣ್ಣನ ಕಪಾಟಿನಿಂದ ಅವನದನ್ನು ಕದ್ದೆ.
ಕಡ ಅಂತ ಬರೆದುಕೊಳ್ಳಿ.

ಹಲ್ಲು ಹದಿನಾರು ಬೇಕು. ಭಾಗ ಮಾಡುವ ಯಂತ್ರ ಎಲ್ಲಿ ತರಲಿ?
ಕರೆಂಟ್ ಬಿಲ್ಲಿನ ಅಂಚು ಹರಿದು
ಗುಬಟಿನ ಸೊಂಟಕ್ಕೆ ಒಂದು ಸುತ್ತು ತಂದು ಕತ್ತರಿಸಿ
ಎರಡಾಗಿ ಮಡಿಸಿದೆ, ನಾಲ್ಕಾಗಿ, ಎಂಟಾಗಿ,
ಉಗುರಿಂದ ಒತ್ತಿ ಹದಿನಾರಾಗಿ.
ಬಿಚ್ಚಿ ಅಂಟಿಸಿ, ಮಡಿಕೆಗೊಂದು ಗೀರು,
ಗೀರಿಗೊಂದು ಹಲ್ಲು, ಮೂರು ಮೂಲೆಯ ಅರದಲ್ಲಿ.
ಏಳನೆಯದು ತುಸು ಓರೆ.
ಇರಲಿ, ನನ್ನ ಬಾಯಲ್ಲೂ ಒಂದಿದೆ.

ಬಾಲ್ ಪೆನ್ನಿನ ಸ್ಪ್ರಿಂಗು, ಮೂರೇ ಸುತ್ತು.
ಎರಡು ಮುಖಗಳ ನಡುವೆ ಕಾಗದ ಕಚ್ಚಿಸಿ ಎಳೆದು ಒರೆಸಿದೆ.
ತಿರುಪಿದೆ.
ಟಿಕ್.
ಟಿಕ್ ಟಿಕ್.
ಸೊನ್ನೆಗೆ ಎರಡು ಗೆರೆ ಕಡಿಮೆ. ಅದು ಆಮೇಲೆ.

ಆಗ ತಿಳಿದದ್ದು ಇದು:
ಸೊನ್ನೆಯಿಂದ ಹತ್ತರವರೆಗೆ ತಿರುಪು ಬಿಗಿ,
ಹನ್ನೆರಡರ ಹತ್ತಿರ ಸಡಿಲ,
ಹದಿಮೂರು ದಾಟಿದರೆ ಮತ್ತೆ ಬಿಗಿ.
ಹುಲ್ಲಿನ ನಡುವೆ ಕಾಲುದಾರಿ ಬಿದ್ದ ಹಾಗೆ
ಉಕ್ಕಿನೊಳಗೆ ಯಾರೋ ನಡೆದಿದ್ದಾರೆ.

ಲಾಳದ ಒಳಮೈಯಲ್ಲಿ ಗೀಚಿದ್ದಾರೆ: ಕೆ. ಎಂ. ಎನ್., ಟೋಕನ್ ೪೧೭.
ಹನ್ನೆರಡು ಮಿಲಿಮೀಟರಿನದು ಏನಿತ್ತು ನಿಮ್ಮ ಬೆಂಚಿನ ಮೇಲೆ?
ಪಿನ್ನೇ? ಯಾವುದಾದರೂ ಪಂಪಿನ ಶಾಫ್ಟೇ?
ಪಾಳಿಗೆ ಎಷ್ಟು? ಎಷ್ಟು ವರ್ಷ?
ನಿಮ್ಮ ಮನೆಯವರಿಗಾದರೂ ಗೊತ್ತಿತ್ತೆ
ನೀವು ದಿನವೂ ಹನ್ನೆರಡಕ್ಕೆ ಹೋಗಿ ಬರುತ್ತಿದ್ದಿರಿ ಅಂತ?

ಗುಬಟು ಕಳೆದದ್ದಲ್ಲವೇನೋ ಅನಿಸುತ್ತದೆ ಈಗ.
ತಾವೇ ಬಿಚ್ಚಿಟ್ಟಿರಬೇಕು,
ಕೈಗೆ ಗೊತ್ತಿದ್ದನ್ನು
ಟಿಕ್ ಅಂತ ಇನ್ನೊಬ್ಬರು ಹೇಳುವುದು ಬೇಡವಾಗಿ.

ನನಗೆ ಬೇಕು. ನನ್ನ ಕೈ ಇನ್ನೂ ಎಂಟು ವರ್ಷದ್ದು.

ಕರೆಂಟು ಹೋಯಿತು. ಲೇತು ತಾನಾಗಿ ನಿಲ್ಲುವವರೆಗೆ
ನಿಂತು ನೋಡಿದೆ.
ಫೋನಿನಲ್ಲಿ ಅತ್ತೆ: "ಮಷೀನು ಸೂಜೀನೇ ಹಿಡೀತಿಲ್ಲ ಕಣೇ,
ಬರ್ತಾ ಯಾರನ್ನಾದ್ರೂ ಕರ್ಕೊಂಡು ಬಾ."
ಡಬ್ಬಿಯ ಮುಚ್ಚಳಕ್ಕೆ ಟೇಪು ಅಂಟಿಸಿ
"ಎರಡು ಕೂಡಿಸು" ಅಂತ ಬರೆದೆ.

ನಾಳೆಯ ಜಾಬು ಹದಿನೆಂಟರ ಬುಷ್ಷು, ನಾನೂರು ನಗ.
ಅಲ್ಲಿ ಇನ್ನೂ ಬಿಗಿಯಿದೆ.